ಕುಂಬಾರನಿಗೆ ವರುಷ, ಕನ್ಸಲ್ಟೆಂಟಿಗೆ ನಿಮಿಷ

ಇಪ್ಪತ್ತೆರಡು-ಇಪ್ಪತ್ಮೂರು ವರ್ಷದ ಹುಡುಗ ಅಥವಾ ಹುಡುಗಿ. ನಾಲ್ಕು ವರ್ಷ ಎಂಜಿನಿಯರಿಂಗ್, ಬೇಕಿದ್ದರೆ ಮೇಲೆ ಎರಡು ವರ್ಷ ಎಂಬಿಎ ಸೇರಿಸಿಕೊಳ್ಳಿ. ಇದುವರೆಗೂ ಒಂದು ಅಂಗಡಿಯ ಶಟರ್ ಎತ್ತಿಲ್ಲ, ಒಬ್ಬರಿಗೂ ಸಂಬಳ ಕೊಟ್ಟಿಲ್ಲ, ಒಂದು ಮೆಷೀನು ಕೆಟ್ಟು ನಿಂತಾಗ ಅದರ ಮುಂದೆ ಕೈ ಮಸಿ ಮಾಡಿಕೊಂಡು ಕೂತಿಲ್ಲ. ಕೆಲಸಕ್ಕೆ ಸೇರಿದ ಎರಡನೇ ತಿಂಗಳಿಗೆ ಸಿಮೆಂಟು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸವೆಸಿದ ಮ್ಯಾನೇಜರ್ ಎದುರು ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತು, "ಸರ್, ನಿಮ್ಮ ಪ್ರಾಸೆಸ್‌ನಲ್ಲಿ ಎಲ್ಲಿ ವೇಸ್ಟ್ ಆಗ್ತಿದೆ ಅಂತ ನಿಮಗನಿಸುತ್ತೆ?" ಅಂತ ಕೇಳುತ್ತದೆ ಈ ಮಗು. ಮ್ಯಾನೇಜರ್ ಹೇಳಿದ್ದನ್ನು ಬರೆದುಕೊಳ್ಳುತ್ತದೆ. ಹತ್ತು ವಾರ ಕಳೆದ ಮೇಲೆ ಅದನ್ನೇ ನೀಲಿ ಬಣ್ಣದ ಸ್ಲೈಡುಗಳಲ್ಲಿ ಅಂದವಾಗಿ ಜೋಡಿಸಿ ಮ್ಯಾನೇಜರನ ಬಾಸಿಗೆ ತೋರಿಸುತ್ತದೆ. ಬಾಸು ಕೋಟಿಗಟ್ಟಲೆ ಬಿಲ್ಲು ಕಟ್ಟುತ್ತಾನೆ.

ಇದಕ್ಕೆ ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್ ಅಂತ ಹೆಸರು. ನಮ್ಮ ಒಳ್ಳೊಳ್ಳೆ ಕಾಲೇಜುಗಳ ಒಳ್ಳೊಳ್ಳೆ ತಲೆಗಳು ಮೊದಲ ಕೆಲಸ ಅಂತ ಹಾತೊರೆಯೋದು ಇದಕ್ಕೇ. ಪ್ಲೇಸ್‌ಮೆಂಟಿನ ಮೊದಲ ದಿನ (ಅದಕ್ಕೂ ಮುಂಚಿನ ಡೇ ಝೀರೋ ಅಂತ ಇನ್ನೊಂದು ಇದೆಯಂತೆ, ಸೊನ್ನೆಯಿಂದ ಎಣಿಸೋ ಚಟ ನಮಗೆ ಪ್ರೋಗ್ರಾಮರುಗಳಿಗೆ ಮಾತ್ರ ಅಂದುಕೊಂಡಿದ್ದೆ!) ಬರೋ ಕಂಪನಿಗಳಲ್ಲಿ ಮುಂದಿನ ಸಾಲು ಇವರದೇ. ಮದುವೆ ಮನೆಗಳಲ್ಲೂ ಈಗ ಲೆಕ್ಕಾಚಾರ ಬದಲಾಗಿದೆ. ಮುಂಚೆ ಯಾರಾದರೂ "ಮಗ ಕನ್ಸಲ್ಟೆಂಟು" ಅಂದರೆ ಪಾಪ, ಕೆಲಸ ಸಿಕ್ಕಿಲ್ಲ ಅಂತ ಅರ್ಥ, ಇಲ್ಲಾಂದ್ರೆ ವಾಸ್ತು ನೋಡ್ತಾನೆ ಅಂತ. ಈಗ ಅದೇ ಮಾತಿಗೆ ಹುಡುಗಿ ಕಡೆಯವರು ಕುರ್ಚಿ ಎಳೆದುಕೊಂಡು ಹತ್ತಿರ ಬರುತ್ತಾರೆ :-)

ಅದಿರಲಿ. ನನ್ನ ತಕರಾರು ಸಲಹೆ ಕೊಡುವ ಕಸುಬಿನ ಮೇಲಲ್ಲ. ಅನುಭವ ಇದ್ದವರು ಇಲ್ಲದವರಿಗೆ ಸಲಹೆ ಕೊಡೋದು, ಅದಕ್ಕೆ ದುಡ್ಡು ತಗೊಳ್ಳೋದು, ಎರಡೂ ನ್ಯಾಯವೇ. ಓದು ಮುಗಿಸಿದ ಮಾರನೇ ದಿನವೇ ಸಲಹೆಗಾರ ಆಗೋದಿದೆಯಲ್ಲ, ಅದು ಆ ಹುಡುಗನಿಗೂ ಒಳ್ಳೆಯದಲ್ಲ, ಸಲಹೆ ಪಡೆದವರಿಗಂತೂ ಅಲ್ಲವೇ ಅಲ್ಲ ಅನ್ನೋದು ನನ್ನ ವಾದ.

ನಮ್ಮ ಊರಿನವರೇ ಒಬ್ಬ ಕನ್ಸಲ್ಟೆಂಟರ ಉದಾಹರಣೆ ತಗೊಳ್ಳಿ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ ಮರುವರ್ಷ ಒಬ್ಬ ಎಂಜಿನಿಯರನ್ನು ವಿಶೇಷ ಸಲಹೆಗಾರ ಅಂತ ಕರೆಸಿಕೊಂಡಿತು. ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಅವರು ಕೊಟ್ಟ ಸಲಹೆಯ ಫಲವೇ ಹೈದರಾಬಾದಿನ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು. ಆಗ ಅವರಿಗೆ ಹತ್ತಿರ ಹತ್ತಿರ ಐವತ್ತು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಅಸಿಸ್ಟೆಂಟ್ ಎಂಜಿನಿಯರ್ ಆಗಿ ಸೇರಿ, ನಾಸಿಕ, ಖಾನ್‌ದೇಶ, ಸುಕ್ಕೂರು, ಪುಣೆ ಅಂತ ಅಲೆದು, ಖಡಕ್‌ವಾಸ್ಲಾ ಅಣೆಕಟ್ಟಿಗೆ ತಾವೇ ವಿನ್ಯಾಸ ಮಾಡಿದ ಸ್ವಯಂಚಾಲಿತ ಗೇಟು ಕೂರಿಸಿ, ಅದು ನೀರಿನ ಒತ್ತಡಕ್ಕೆ ನಿಲ್ಲುತ್ತಾ ಅಂತ ಕಣ್ಣಾರೆ ನೋಡಿ... ಇಪ್ಪತ್ತನಾಲ್ಕು ವರ್ಷ ಆದ ಮೇಲೆ ಕನ್ಸಲ್ಟಿಂಗ್ ಎಂಜಿನಿಯರ್. ನಾವು ಪ್ರತಿ ಸೆಪ್ಟೆಂಬರ್ 15ಕ್ಕೆ ಅವರ ಫೋಟೋ ಹಂಚಿಕೊಂಡು ಎಂಜಿನಿಯರ್ಸ್ ಡೇ ಮಾಡ್ತೀವಿ. ಆಮೇಲೆ ಇಪ್ಪತ್ನಾಲ್ಕು ವರ್ಷದ ಕೆಲಸವನ್ನು ಸ್ಕಿಪ್ ಮಾಡಿ ನೇರ ಕೊನೇ ಲೆವೆಲ್ಲಿಗೆ ಹಾರೋ ಕಂಪನಿಗೆ ರೆಸ್ಯೂಮೆ ಕಳಿಸ್ತೀವಿ.

ಈ ಕಂಪನಿಗಳು ಹುಡುಗರನ್ನು ಆರಿಸೋ ರೀತಿಯನ್ನೇ ನೋಡಿ, ಅದರಲ್ಲೇ ಎಲ್ಲಾ ಇದೆ. ಕೇಸ್ ಇಂಟರ್‌ವ್ಯೂ ಅಂತಾರೆ. ಅದರಲ್ಲಿ ಒಂದು ಜಾತಿಯ ಪ್ರಶ್ನೆ ಅಂದಾಜಿನ ಲೆಕ್ಕದ್ದು. "ಬೆಂಗಳೂರಿನಲ್ಲಿ ಒಂದು ದಿನಕ್ಕೆ ಎಷ್ಟು ಇಡ್ಲಿ ಖರ್ಚಾಗುತ್ತೆ?" ಅಂತ ಕೇಳಿದರು ಅಂತಿಟ್ಟುಕೊಳ್ಳಿ. ತಯಾರಾದ ಹುಡುಗ ತಡವರಿಸಲ್ಲ. "ಜನಸಂಖ್ಯೆ ಒಂದೂಕಾಲು ಕೋಟಿ ಅಂತ ಹಿಡಿಯೋಣ. ಅದರಲ್ಲಿ ದಕ್ಷಿಣದವರು ಇಷ್ಟು, ಉತ್ತರದವರು ಇಷ್ಟು. ಮನೆಯಲ್ಲಿ ತಿನ್ನುವವರು, ಹೊರಗೆ ತಿನ್ನುವವರು. ವಾರಕ್ಕೆ ಎರಡು ದಿನ, ಒಂದು ಸಲಕ್ಕೆ ಮೂರು..." ಅಂತ ಕೊಂಬೆ ಕೊಂಬೆಯಾಗಿ ಬಿಡಿಸಿ ಒಂದು ಸಂಖ್ಯೆಗೆ ಬಂದು ನಿಲ್ಲುತ್ತಾನೆ. ಸಂಖ್ಯೆ ಸರಿಯಾ ತಪ್ಪಾ ಯಾರೂ ಕೇಳಲ್ಲ. ಯೋಚನೆ ಮಾಡಿದ ಕ್ರಮ ಚೆನ್ನಾಗಿದ್ದರೆ ಸಾಕು. ಒಂದರ ಮೇಲೊಂದು ಬೀಳದ ಹಾಗೆ, ಯಾವುದೂ ಬಿಟ್ಟುಹೋಗದ ಹಾಗೆ ವಿಂಗಡಿಸಬೇಕು. ಇದಕ್ಕೆ ಮೀಸಿ ಅಂತ ಒಂದು ಮಂತ್ರ ಇದೆ. 1963ರಲ್ಲಿ ಮೆಕಿನ್ಸೆ ಸೇರಿದ ಬಾರ್ಬರಾ ಮಿಂಟೋ ಅನ್ನೋ ಹೆಣ್ಣುಮಗಳ ಬಳುವಳಿ. ಬುದ್ಧಿವಂತ ಉಪಾಯ, ಸುಳ್ಳಲ್ಲ. ನಾನೂ ಡಿಸೈನ್ ಡಾಕ್ಯುಮೆಂಟ್ ಬರೆಯುವಾಗ ಬಳಸ್ತೀನಿ.

ಆದರೆ ಇದೇ ಪ್ರಶ್ನೆಯನ್ನ ನಮ್ಮ ಮನೆ ಹತ್ತಿರದ ದರ್ಶಿನಿಯವರಿಗೆ ಕೇಳಿ ನೋಡಿ. ಇಡೀ ಬೆಂಗಳೂರಿನ ಲೆಕ್ಕ ಅವರಿಗೆ ಬೇಡ. ಅವರಿಗೆ ಗೊತ್ತಿರೋದೇ ಬೇರೆ. ಸೋಮವಾರ ಬೆಳಗ್ಗೆ ಆಫೀಸಿಗೆ ಓಡುವವರ ರಶ್ಶು, ಭಾನುವಾರ ಹತ್ತು ಗಂಟೆಗೆ ಮಕ್ಕಳ ಜೊತೆ ಬರೋರು ಮಸಾಲೆ ದೋಸೆನೇ ಕೇಳ್ತಾರೆ. ಏಕಾದಶಿ ದಿನ ಇಷ್ಟು ಕಮ್ಮಿ. ಡಿಸೆಂಬರಿನ ಚಳಿಗೆ ಹಿಟ್ಟು ಹುಳಿ ಬರೋದು ತಡ, ಆದ್ದರಿಂದ ರುಬ್ಬೋದನ್ನ ಎರಡು ಗಂಟೆ ಮುಂಚೆ ಶುರು ಮಾಡಬೇಕು. ಅಕ್ಕಿ ಬೇರೆ ಲೋಡಿನದ್ದಾದರೆ ನೀರಿನ ಅಳತೆ ಬದಲಾಗುತ್ತೆ. ಲೆಕ್ಕ ತಪ್ಪಿದರೆ ಮಧ್ಯಾಹ್ನಕ್ಕೆ ಹಿಟ್ಟು ಚರಂಡಿಗೆ, ಇಲ್ಲವೇ ಒಂಬತ್ತೂವರೆಗೆ "ಇಡ್ಲಿ ಖಾಲಿ" ಬೋರ್ಡು. ಎರಡೂ ಅವರ ಜೇಬಿಗೇ ಹೊಡೆತ. ಅವರ ಅಂದಾಜು ದಿನಾ ಬೆಳಗ್ಗೆ ಪರೀಕ್ಷೆಗೆ ಕೂರುತ್ತೆ, ದಿನಾ ಸಂಜೆ ಫಲಿತಾಂಶ ಬರುತ್ತೆ. ಇಂಟರ್‌ವ್ಯೂ ಹುಡುಗನ ಅಂದಾಜು ಯಾವತ್ತೂ ಪರೀಕ್ಷೆಗೆ ಕೂರೋದೇ ಇಲ್ಲ. ಆ ಸಂಖ್ಯೆ ತಪ್ಪಾಗಿದ್ದರೆ ಯಾರ ಇಡ್ಲಿಯೂ ಹಳಸಲ್ಲ.

ನನ್ನ ಮಟ್ಟಿಗೆ ಇಡೀ ಜಗಳ ಇರೋದು ಇಲ್ಲೇ.

ನಾನು ಕೋಡ್ ಬರೆಯೋನು. ನನ್ನ ಮೊದಲೆರಡು ವರ್ಷದಲ್ಲಿ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಕಲಿಸಿದ್ದು ಆನ್-ಕಾಲ್ ಡ್ಯೂಟಿ. ರಾತ್ರಿ ಎರಡು ಗಂಟೆಗೆ ಫೋನು ಬಡಿದುಕೊಳ್ಳುತ್ತೆ, ಡಿಸ್ಕ್ ತುಂಬಿದೆ, ಕ್ಯೂ ಜಾಮ್ ಆಗಿದೆ, ಗ್ರಾಹಕರ ದುಡ್ಡು ಕಟ್ ಆಗಿದೆ ಟಿಕೆಟ್ ಬಂದಿಲ್ಲ. ಕಣ್ಣುಜ್ಜಿಕೊಂಡು ಲಾಗ್ ನೋಡ್ತಾ ಹೋದರೆ ಆರು ತಿಂಗಳ ಹಿಂದೆ ಯಾರೋ "ಇದು ಎಂದೂ ನಲ್ ಬರಲ್ಲ" ಅಂತ ಬರೆದ ಸಾಲು ಹಲ್ಲು ಕಿರಿಯುತ್ತಾ ಕೂತಿರುತ್ತೆ. ವೈಟ್‌ಬೋರ್ಡಿನ ಮೇಲೆ ಎಲ್ಲಾ ಡಬ್ಬಿಗಳೂ ಎಲ್ಲಾ ಬಾಣಗಳೂ ಸರಿಯಾಗೇ ಇರುತ್ತವೆ ಕಣ್ರೀ. ಡಬ್ಬಿಗೂ ಡಬ್ಬಿಗೂ ನಡುವಿನ ಆ ಬಾಣ ಇದೆಯಲ್ಲ, ಅದರೊಳಗೇ ಎಲ್ಲಾ ಪ್ರಾರಬ್ಧ ಇರೋದು ಅಂತ ಗೊತ್ತಾಗೋದು ಪ್ರೊಡಕ್ಷನ್‌ನಲ್ಲಿ ಮಾತ್ರ. ಹೊಸದಾಗಿ ಸೇರಿದ ಕನ್ಸಲ್ಟೆಂಟು ಹತ್ತನೇ ವಾರಕ್ಕೋ ಹನ್ನೆರಡನೇ ವಾರಕ್ಕೋ ಬ್ಯಾಗು ಕಟ್ಟಿಕೊಂಡು ಮುಂದಿನ ಕ್ಲೈಂಟಿನ ಊರಿಗೆ ವಿಮಾನ ಹತ್ತುತ್ತಾನೆ. ಅವನ ಡಬ್ಬಿ-ಬಾಣಗಳು ಪ್ರೊಡಕ್ಷನ್‌ಗೆ ಹೋಗುವ ಹೊತ್ತಿಗೆ ಅವನು ಇನ್ನೆರಡು ಕೈಗಾರಿಕೆಗಳ "ತಜ್ಞ" ಆಗಿರುತ್ತಾನೆ. ಎರಡು ವರ್ಷದಲ್ಲಿ ಆರು ಕೈಗಾರಿಕೆ ನೋಡಿದೆ ಅಂತ ಹೆಮ್ಮೆಯಿಂದ ಹೇಳಿಕೊಳ್ತಾರೆ. ಆರು ಮದುವೆ ಮನೆಯಲ್ಲಿ ಊಟ ಮಾಡಿದವನು ಸಂಸಾರ ಅಂದರೇನು ಅಂತ ಹೇಳೋಕೆ ಬಂದ ಹಾಗಿದೆ ಇದು.

ಹಾಗಾದರೆ ಈ ಕಂಪನಿಗಳು ಅನುಭವಸ್ಥರನ್ನ ಬಿಟ್ಟು ಹಸಿ ಹುಡುಗರನ್ನ ಯಾಕೆ ತಗೊಳ್ತಾರೆ? ಮೊದಲು ಹೀಗಿರಲಿಲ್ಲ. ಜೇಮ್ಸ್ ಮೆಕಿನ್ಸೆ ಅನ್ನೋ ಷಿಕಾಗೋ ವಿಶ್ವವಿದ್ಯಾಲಯದ ಅಕೌಂಟಿಂಗ್ ಪ್ರೊಫೆಸರ್ 1926ರಲ್ಲಿ ತನ್ನ ಕಂಪನಿ ಶುರು ಮಾಡಿದಾಗ, ಆ ಕಾಲದ ಸಲಹೆಗಾರರು ಅಂದರೆ ಕಾರ್ಖಾನೆ, ಲೆಕ್ಕಪತ್ರಗಳಲ್ಲಿ ಪಳಗಿ ಬಂದವರು. 1953ರ ಸುಮಾರಿಗೆ ಮಾರ್ವಿನ್ ಬೋವರ್ ಕಾಲದಲ್ಲಿ ಮೆಕಿನ್ಸೆ ಗೇರ್ ಬದಲಾಯಿಸಿತು. ಹಾರ್ವರ್ಡ್‌ನಿಂದ ಆಗಷ್ಟೇ ಹೊರಬಿದ್ದ ಎಂಬಿಎ ಹುಡುಗರನ್ನ ತಗೊಂಡು ತಮ್ಮ ಅಚ್ಚಿನಲ್ಲಿ ಎರಕ ಹೊಯ್ಯೋದು. ಉಳಿದವರೂ ಅದನ್ನೇ ಹಿಡಿದರು. ಹುಡುಗರು ಬೇಗ ಕಲೀತಾರೆ, ಹಳೇ ಪೂರ್ವಗ್ರಹ ಇರಲ್ಲ ಅಂತ ಕಾರಣ ಕೊಡ್ತಾರೆ. ಇರಬಹುದು. ಆದರೆ ಲೆಕ್ಕಾನೂ ಸ್ವಲ್ಪ ನೋಡಿ. ಮೇಲೆ ಒಬ್ಬ ಪಾರ್ಟ್‌ನರ್, ನೆರೆತ ಕೂದಲು, ಸಂಬಂಧಗಳು, ಕೆಲಸ ಹಿಡಿದು ತರೋದು ಅವನು. ಕೆಳಗೆ ನಾಲ್ಕೈದು ಹುಡುಗರು, ಹಗಲು ರಾತ್ರಿ ಎಕ್ಸೆಲ್ ಕುಟ್ಟೋದು ಅವರು. ಹುಡುಗರಿಗೆ ಕೊಡೋ ಸಂಬಳಕ್ಕೂ ಅವರ ಹೆಸರಿನಲ್ಲಿ ಕ್ಲೈಂಟಿಗೆ ಹಾಕೋ ಬಿಲ್ಲಿಗೂ ನಡುವಿನ ವ್ಯತ್ಯಾಸದಲ್ಲಿ ಪಾರ್ಟ್‌ನರನ ಮನೆ ನಡೀತದೆ. ಮಾರೋದು ನರೆತ ಕೂದಲನ್ನ, ಡೆಲಿವರಿ ಕೊಡೋದು ಕಪ್ಪು ಕೂದಲನ್ನ. ನಮ್ಮ ಐಟಿ ಸರ್ವೀಸ್ ಕಂಪನಿಗಳದ್ದೂ ಇದೇ ಪಿರಮಿಡ್ಡು ಅಲ್ವಾ ಅಂತ ನೀವು ಕೇಳಬಹುದು. ಹೌದು, ಇದೇ. ಆದರೆ ನಮ್ಮ ಫ್ರೆಶರನ್ನ ಯಾರೂ ತಂತ್ರಜ್ಞಾನ ಸಲಹೆಗಾರ ಅಂತ ಕರೆದು ಬ್ಯಾಂಕಿನ ಬೋರ್ಡ್ ರೂಮಿಗೆ ಕಳಿಸಲ್ಲ, ಬೆಂಚಿನ ಮೇಲೆ ಕೂರಿಸಿ ಟೆಸ್ಟ್ ಕೇಸ್ ಬರೆಸ್ತಾರೆ. ಅವಮಾನ ಅನಿಸುತ್ತೆ ಆಗ, ಆದರೆ ಅದು ನ್ಯಾಯ.

ಇದರ ಜೊತೆಗೆ ಅಪ್ ಆರ್ ಔಟ್ ಅಂತ ಒಂದು ಪದ್ಧತಿ. ಎರಡು-ಮೂರು ವರ್ಷದಲ್ಲಿ ಮೇಲೆ ಏರಬೇಕು, ಇಲ್ಲವೇ ಗೌರವದಿಂದ ಬಾಗಿಲ ಕಡೆ ನಡೀಬೇಕು. ಹಾಗಾಗಿ ತಳದಲ್ಲಿ ಯಾವಾಗಲೂ ಹೊಸ ಮುಖಗಳೇ.

ನಾನು ಇದನ್ನೆಲ್ಲಾ ಓದಿ ಮಾತ್ರ ಹೇಳ್ತಿಲ್ಲ. ಹಿಂದೆ ನಾನಿದ್ದ ಒಂದು ಕಂಪನಿಗೆ (ಹೆಸರು ಬೇಡ) ಇಂಥದ್ದೇ ಒಂದು ತಂಡ ಬಂದಿತ್ತು (ಅವರ ಹೆಸರೂ ಬೇಡ). ನಮ್ಮ ಫ್ಲೋರಿಗೆ ಕಳಿಸಿದ್ದು ಒಬ್ಬ ಹುಡುಗಿಯನ್ನ. ದಾವಣಗೆರೆ ಕಡೆಯವಳು, ಚುರುಕು, ಓದಿದ್ದು ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡೋ ಕಾಲೇಜು. ಕ್ಯಾಂಟೀನಿನಲ್ಲಿ ನನ್ನ ಎದುರು ಕೂತು ಕೇಳಿದಳು:

"ಸರ್, ಒಂದು ರಿಲೀಸ್ ಟೆಸ್ಟ್ ಮಾಡೋಕೆ ನಿಮ್ಮ ಟೀಮಿಗೆ ಆವರೇಜ್ ಎಷ್ಟು ಗಂಟೆ ಬೇಕು?"

"ಯಾವ ರಿಲೀಸ್ ಅನ್ನೋದರ ಮೇಲೆ ಹೋಗುತ್ತಲ್ಲಮ್ಮ. ತಿಂಗಳ ಕೊನೆ ಬಿಲ್ಲಿಂಗ್ ಮುಟ್ಟಿದರೆ ಮೂರು ದಿನ, ಬಟನ್ನಿನ ಬಣ್ಣ ಬದಲಾಯಿಸಿದರೆ ಅರ್ಧ ಗಂಟೆ."

"ಅದು ಗೊತ್ತು ಸರ್... ಆದರೆ ಈ ಕಾಲಮ್ಮಿನಲ್ಲಿ ಒಂದೇ ನಂಬರ್ ಹಾಕಬೇಕು. ಇವತ್ತು ರಾತ್ರಿ ಒಂದು ಗಂಟೆಗೆ ಮ್ಯಾನೇಜರಿಗೆ ಕಳಿಸಬೇಕು."

ಒಂದೇ ನಂಬರ್ ಹಾಕಿದಳು. ಎಂಟು ಅಂತ. ಆ ಎಂಟು ಮುಂದೆ ಹೋಗಿ ಇನ್ಯಾವುದೋ ದೇಶದ ಸರಾಸರಿಯ ಪಕ್ಕದಲ್ಲಿ ಕೂತು, ಕೆಂಪು ಬಣ್ಣ ಬಳಿದುಕೊಂಡು, "ಟೆಸ್ಟಿಂಗ್ ವೆಚ್ಚ ಅಧಿಕ" ಅಂತ ಸ್ಲೈಡಾಯಿತು. ನಮ್ಮ ಟೆಸ್ಟಿಂಗ್ ತಂಡವನ್ನ ಮುಚ್ಚಿ ಹೊರಗಿನ ವೆಂಡರಿಗೆ ಕೊಟ್ಟರು. ಹನ್ನೊಂದು ಜನ. ಅವರಲ್ಲೊಬ್ಬ ಮೇಡಂ ಹದಿನಾಲ್ಕು ವರ್ಷದಿಂದ ಅದೇ ಸಿಸ್ಟಮ್ ನೋಡಿಕೊಂಡಿದ್ದವರು. ಫೆಬ್ರವರಿ 29 ಬಂದರೆ ಯಾವ ರಿಪೋರ್ಟ್ ಕೆಡುತ್ತೆ, ಯಾವ ಗ್ರಾಹಕರ ಜಿಎಸ್‌ಟಿ ನಂಬರಿನಲ್ಲಿ ಸ್ಪೇಸ್ ಇರುತ್ತೆ, ಎಲ್ಲಾ ಅವರ ತಲೆಯಲ್ಲಿತ್ತು. ಅದು ಯಾವ ಕಾಲಮ್ಮಿಗೂ ಬಂದಿರಲಿಲ್ಲ. ಯಾಕೆಂದರೆ ಅವರನ್ನ ಯಾರೂ ಕೇಳಲೇ ಇಲ್ಲ. ಎರಡು ಕ್ವಾರ್ಟರ್ ಕಳೆದ ಮೇಲೆ ಬಿಲ್ಲಿಂಗ್ ಮಗುಚಿ ಬಿತ್ತು, ಗ್ರಾಹಕರಿಗೆ ಎರಡೆರಡು ಸಲ ಇನ್‌ವಾಯ್ಸ್ ಹೋಯಿತು, ನಾವು ಮೂರು ರಾತ್ರಿ ಆಫೀಸಿನಲ್ಲೇ ಮಲಗಿದೆವು. ಆ ಹುಡುಗಿ ಅಷ್ಟು ಹೊತ್ತಿಗೆ ಯಾವುದೋ ಔಷಧಿ ಕಂಪನಿಯ ಸಪ್ಲೈ ಚೈನ್ ಸರಿ ಮಾಡ್ತಾ ಇದ್ದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳು ರಾತ್ರಿ ಒಂದರವರೆಗೆ ಕೂತು ತನಗೆ ಹೇಳಿದ್ದನ್ನ ಚಾಚೂ ತಪ್ಪದೆ ಮಾಡಿದಳು. ಬಿಲ್ಲಿಂಗ್ ಬಿದ್ದದ್ದು ಅವಳಿಗೆ ಇವತ್ತಿಗೂ ಗೊತ್ತಿರಲಿಕ್ಕಿಲ್ಲ. ಸಿಟ್ಟು ಇರೋದು ಅದರ ಮೇಲೆ! ಅಷ್ಟು ಚುರುಕು ಹುಡುಗಿಗೆ ತನ್ನ ಕೆಲಸದ ಫಲ ನೋಡೋ ಅವಕಾಶವೇ ಇಲ್ಲದ ಹಾಗೆ ಮಾಡಿಟ್ಟಿದ್ದಾರಲ್ಲ, ಅದರ ಮೇಲೆ.

ಸಣ್ಣ ಕಂಪನಿಯ ಕಥೆ ಬಿಡಿ, ದೊಡ್ಡವರದ್ದು ನೋಡಿ. 1980ರ ದಶಕದ ಮೊದಲಲ್ಲಿ ಎಟಿ ಅಂಡ್ ಟಿ ಕಂಪನಿ ಮೆಕಿನ್ಸೆಯವರನ್ನ ಕೇಳಿತಂತೆ, 2000ದ ಹೊತ್ತಿಗೆ ಅಮೆರಿಕದಲ್ಲಿ ಎಷ್ಟು ಮೊಬೈಲ್ ಫೋನು ಇರಬಹುದು ಅಂತ. ಉತ್ತರ 9 ಲಕ್ಷ. 2000ದಲ್ಲಿ ನಿಜವಾಗಿ ಇದ್ದದ್ದು 10 ಕೋಟಿಗೂ ಜಾಸ್ತಿ. ಇಡ್ಲಿ ಲೆಕ್ಕದ ದೊಡ್ಡಣ್ಣ ಇದು. ಸ್ವಿಸ್‌ಏರ್‌ಗೆ 1990ರ ದಶಕದಲ್ಲಿ ಸಣ್ಣಪುಟ್ಟ ವಿಮಾನ ಕಂಪನಿಗಳ ಪಾಲು ಕೊಳ್ತಾ ಹೋಗಿ ಅನ್ನೋ ಬೇಟೆಗಾರ ತಂತ್ರ ಹೇಳಿಕೊಟ್ಟರು. 2001ರ ಅಕ್ಟೋಬರಿನಲ್ಲಿ ಅದರ ವಿಮಾನಗಳು ನೆಲದ ಮೇಲೇ ನಿಂತವು. 2001ರಲ್ಲೇ ಪ್ರತಿಭೆಗಾಗಿ ಯುದ್ಧ ಅನ್ನೋ ಅರ್ಥದ ಹೆಸರಿನ ಒಂದು ಪುಸ್ತಕ ಅವರ ಕಡೆಯಿಂದ ಬಂತು, ಅದರಲ್ಲಿ ಎನ್ರಾನ್ ಕಂಪನಿಗೆ ಬಹುಪರಾಕು. ಅದೇ ವರ್ಷ ಡಿಸೆಂಬರಿನಲ್ಲಿ ಎನ್ರಾನ್ ದಿವಾಳಿ.

ಇವೆಲ್ಲ ತಮಾಷೆ ಅನ್ನೋಣ. ತಮಾಷೆ ಅಲ್ಲದ್ದೂ ಇದೆ. ಅಮೆರಿಕದಲ್ಲಿ ಆಕ್ಸಿಕಾಂಟಿನ್ ಅನ್ನೋ ಅಫೀಮು ಜಾತಿಯ ನೋವಿನ ಮಾತ್ರೆ ಮಾರುತ್ತಿದ್ದ ಪರ್ಡ್ಯೂ ಕಂಪನಿಗೆ ಮೆಕಿನ್ಸೆ ವರ್ಷಗಟ್ಟಲೆ ಮಾರಾಟ ಹೆಚ್ಚಿಸೋ ಸಲಹೆ ಕೊಟ್ಟಿತ್ತು. 2017ರ ಒಂದು ಪ್ರೆಸೆಂಟೇಶನ್ನು ಕೋರ್ಟಿನ ದಾಖಲೆಗಳಲ್ಲಿ 2020ರಲ್ಲಿ ಹೊರಬಿತ್ತು. ಮಾತ್ರೆ ಹಂಚುವ ಕಂಪನಿಗಳ ಗ್ರಾಹಕರಲ್ಲಿ ಯಾರಾದರೂ ಓವರ್‌ಡೋಸ್ ಆದರೆ ಆ ಕಂಪನಿಗಳಿಗೆ ರಿಬೇಟು ಕೊಡಬಹುದು ಅನ್ನೋ ಐಡಿಯಾ. ಒಂದು ಪ್ರಕರಣಕ್ಕೆ 14,810 ಡಾಲರ್ ಅಂತ ಒಂದು ಲೆಕ್ಕ. ಸಿವಿಎಸ್ ಅನ್ನೋ ಒಂದು ಕಂಪನಿಯ ಕಡೆಯಿಂದಲೇ 2019ರಲ್ಲಿ ಇಂಥ 2,484 ಪ್ರಕರಣ ಆಗಬಹುದು ಅಂತ ಅಂದಾಜು ಬೇರೆ. ಈ ಕೋಷ್ಟಕವನ್ನ ಸ್ವಲ್ಪ ಹೊತ್ತು ಕಣ್ಣ ಮುಂದೆ ತಂದುಕೊಳ್ಳಿ. ಒಂದು ಕಾಲಮ್ಮಿನಲ್ಲಿ ಮನುಷ್ಯರು, ಪಕ್ಕದ ಕಾಲಮ್ಮಿನಲ್ಲಿ ದರ, ಕೆಳಗೆ ಮೊತ್ತ. ವಿಂಗಡಣೆ ಅಚ್ಚುಕಟ್ಟು, ಒಂದರ ಮೇಲೊಂದು ಬಿದ್ದಿಲ್ಲ, ಯಾವುದೂ ಬಿಟ್ಟುಹೋಗಿಲ್ಲ. 2021ರಲ್ಲಿ ಆ ಕಂಪನಿ ಅಮೆರಿಕದ ರಾಜ್ಯಗಳಿಗೆ 57.3 ಕೋಟಿ ಡಾಲರ್, 2024ರ ಡಿಸೆಂಬರಿನಲ್ಲಿ ಅಲ್ಲಿನ ಕೇಂದ್ರ ಸರ್ಕಾರಕ್ಕೆ 65 ಕೋಟಿ ಡಾಲರ್ ಕಟ್ಟಲು ಒಪ್ಪಿಕೊಂಡಿತು. ಇಂಥ ತಂಡಗಳಲ್ಲಿ ಕೋಷ್ಟಕ ತುಂಬೋ ಕೆಲಸ ಸಾಮಾನ್ಯವಾಗಿ ಯಾರದ್ದು ಹೇಳಿ? ತೀರಾ ಕಿರಿಯರದ್ದು. "ಇದನ್ನ ನಾನು ಮಾಡಲ್ಲ" ಅಂತ ಹೇಳೋಕೆ ಧೈರ್ಯ ಬೇಕು, ಆ ಧೈರ್ಯಕ್ಕೆ ಒಂದಷ್ಟು ವರ್ಷದ ಬೆನ್ನುಮೂಳೆ ಬೇಕು. ಇಪ್ಪತ್ಮೂರು ವರ್ಷಕ್ಕೆ ಅದು ಬಲಿತಿರೋದೇ ಅಪರೂಪ.

ನಮ್ಮಲ್ಲೂ ಸರ್ಕಾರಿ ಕಚೇರಿಗಳಿಗೆ ಇವರು ಬಂದು ಕೂತು ಬಹಳ ಕಾಲ ಆಯಿತು. 2015ರಲ್ಲಿ ಸ್ಮಾರ್ಟ್ ಸಿಟಿ ಯೋಜನೆ ಶುರುವಾದಾಗ ಪ್ರಸ್ತಾವ ತಯಾರಿಸೋಕೆ ಅಂತಲೇ ಪ್ರತಿ ನಗರಕ್ಕೆ 2 ಕೋಟಿ ರೂಪಾಯಿ ಕೊಟ್ಟರು, ಸಲಹಾ ಕಂಪನಿಗಳ ಪಟ್ಟಿಯನ್ನೂ ಕೇಂದ್ರವೇ ಮಾಡಿತು. ನಮ್ಮ ದಾವಣಗೆರೆ, ಬೆಳಗಾವಿ, ಶಿವಮೊಗ್ಗ, ತುಮಕೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಂಗಳೂರು, ಏಳೂ ಪಟ್ಟಿಯಲ್ಲಿದ್ದವು. ಯಾವ ಓಣಿಗೆ ಎಷ್ಟು ಹೊತ್ತಿಗೆ ನೀರು ಬಿಡಬೇಕು, ಯಾವ ವಾಲ್ವು ಅರ್ಧ ಸುತ್ತು ತಿರುಗಿಸಿದರೆ ಮೇಲಿನ ಕೇರಿಗೆ ನೀರು ಏರಲ್ಲ ಅಂತ ಗೊತ್ತಿರೋದು ನೀರುಗಂಟಿಗೆ. ಅವನ ಸಂಬಳ ಎಷ್ಟು, ಅವನ ಊರಿಗೆ ನೀರಿನ ಯೋಜನೆ ಬರೆದುಕೊಡೋ ತಂಡದ ಒಂದು ವಾರದ ಹೋಟೆಲ್ ಬಿಲ್ಲು ಎಷ್ಟು ಅಂತ ಯಾರಾದರೂ ಆರ್‌ಟಿಐ ಹಾಕಿ ಕೇಳಬೇಕು ಒಮ್ಮೆ. ಮಾಡಿದವರಿಗಿಂತ ಬಡಿಸಿದವರೇ ಮೇಲು ಅಂತ ನಮ್ಮಜ್ಜಿ ಹೇಳ್ತಿದ್ದದ್ದು ಇದಕ್ಕೇ ಇರಬೇಕು.

ಈಗ ನನ್ನ ವಿರುದ್ಧದ ಸಾಕ್ಷಿಯನ್ನೂ ನಾನೇ ಇಡ್ತೀನಿ, ಇಲ್ಲಾಂದ್ರೆ ನೀವು ಹೇಗೂ ತಂದು ಎಸೀತೀರಿ. ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಮುಂಬಯಿ ಸುತ್ತಮುತ್ತಲಿನ ಬಟ್ಟೆ ಗಿರಣಿಗಳನ್ನ ಆರಿಸಿಕೊಂಡು, ಕೆಲವಕ್ಕೆ ಪುಕ್ಕಟೆ ಕನ್ಸಲ್ಟಿಂಗ್ ಕೊಡಿಸಿ, ಕೊಡಿಸದವುಗಳ ಜೊತೆ ಹೋಲಿಸಿದರು. ಮೊದಲ ವರ್ಷದಲ್ಲೇ ಉತ್ಪಾದಕತೆ ಶೇ. 17ರಷ್ಟು ಏರಿತು. ಕನ್ಸಲ್ಟಿಂಗ್ ಕೆಲಸ ಮಾಡುತ್ತೆ, ಒಪ್ಪಿದೆ. ಆದರೆ ಅಲ್ಲಿ ಏನು ಮಾಡಿದರು ನೋಡಿ. ಐದು ತಿಂಗಳು ಮಗ್ಗಗಳ ನಡುವೆ ಓಡಾಡಿದರು. ಬಟ್ಟೆಯ ದೋಷಗಳನ್ನ ದಿನಾ ಬರೆದಿಡಿ, ನೂಲಿನ ದಾಸ್ತಾನಿಗೆ ಚೀಟಿ ಅಂಟಿಸಿ, ಮೆಷೀನು ಕೆಡೋ ಮುಂಚೆ ಎಣ್ಣೆ ಬಿಡಿ. ಇಂಥ 38 ಸಣ್ಣ ಸಣ್ಣ ಅಭ್ಯಾಸಗಳು. ಬರೀ ಒಂದು ತಿಂಗಳು ನೋಡಿ ವರದಿ ಕೊಟ್ಟು ಬಂದ ಗಿರಣಿಗಳಲ್ಲಿ ಬದಲಾವಣೆ ಅಷ್ಟಕ್ಕಷ್ಟೇ. ಉಳಿದ ನಾಲ್ಕು ತಿಂಗಳು ಪಕ್ಕದಲ್ಲೇ ನಿಂತು ಮಾಡಿಸಿದ ಕಡೆ ಫಲ ಸಿಕ್ಕಿತು. ಇನ್ನೊಂದು ವಿಷಯ, ಆ ಸಂಶೋಧಕರು ವರ್ಷಗಳ ನಂತರ ಅದೇ ಗಿರಣಿಗಳಿಗೆ ವಾಪಸ್ ಹೋಗಿ ನೋಡಿದರು. ಹೊಸ ಅಭ್ಯಾಸಗಳಲ್ಲಿ ಸುಮಾರು ಅರ್ಧ ಬಿಟ್ಟುಹೋಗಿದ್ದವು, ಅರ್ಧ ಉಳಿದಿದ್ದವು. ಈ ವಾಪಸ್ ಹೋಗಿ ನೋಡೋದಿದೆಯಲ್ಲ, ಅದನ್ನ ಮಾಡಿದ್ದು ಪ್ರೊಫೆಸರುಗಳು!

"ಸಾಲ ಯಾರು ತೀರಿಸ್ತಾರೆ, ನೀನಾ?" ಅಂತ ನನ್ನ ಚಿಕ್ಕಮ್ಮನ ಮಗ ಕೇಳಿದ. ಅವನೂ ಈ ವರ್ಷ ಇಂಟರ್‌ವ್ಯೂ ಕೊಡೋನು. ನ್ಯಾಯವಾದ ಪ್ರಶ್ನೆ. ದೊಡ್ಡ ಐಐಎಂಗಳ ಎರಡು ವರ್ಷದ ಫೀಸು 20 ಲಕ್ಷ ದಾಟಿ ಎಷ್ಟೋ ಕಾಲ ಆಯಿತು. ಅಪ್ಪ ಮನೆ ಪತ್ರ ಬ್ಯಾಂಕಿನಲ್ಲಿಟ್ಟಿದ್ದರೆ, ಜಾಸ್ತಿ ಸಂಬಳ ಕೊಡೋರ ಹತ್ತಿರ ಹೋಗಪ್ಪ, ಯಾರೂ ಬೆರಳು ತೋರಿಸಲ್ಲ. ಆದರೆ ಅದನ್ನ ಸಾಲ ತೀರಿಸೋ ಕೆಲಸ ಅಂತ ಹೇಳಿಕೊಂಡು ಹೋಗು. "ಕಲಿಯೋಕೆ ಹೋಗ್ತಿದೀನಿ, ಬಾಗಿಲುಗಳು ತೆರೀತವೆ" ಅಂತ ಬಿಲ್ಡಪ್ ಕೊಡಬೇಡ. ಬಾಗಿಲು ತೆರೆಯೋದು ನಿಜ, ಎರಡು ವರ್ಷ ಆದ ಮೇಲೆ ಇನ್ಯಾವುದೋ ಕಂಪನಿಯ ಸ್ಟ್ರಾಟಜಿ ವಿಭಾಗಕ್ಕೆ ಹೋಗಬಹುದು. ಅಲ್ಲಿ ಮಾಡೋದೇನು? ಹೊಸ ಕನ್ಸಲ್ಟೆಂಟುಗಳನ್ನ ಕರೆಸೋದು :-)

ಕಲಿಕೆ ಅನ್ನೋ ಮಾತೂ ಈಗ ಅಲುಗಾಡ್ತಿದೆ. 2023ರಲ್ಲಿ ಹಾರ್ವರ್ಡ್‌ನವರೂ ಬಿಸಿಜಿಯವರೂ ಸೇರಿ 758 ಕನ್ಸಲ್ಟೆಂಟುಗಳ ಮೇಲೆ ಒಂದು ಪ್ರಯೋಗ ಮಾಡಿದರು. ಜಿಪಿಟಿ-4 ಕೈಗೆ ಕೊಟ್ಟಾಗ ಕೆಲಸ ಶೇ. 25ರಷ್ಟು ಬೇಗ, ಗುಣಮಟ್ಟ ಶೇ. 40ರಷ್ಟು ಮೇಲೆ. ಆದರೆ ಯಂತ್ರಕ್ಕೆ ನಿಲುಕದ ಹಾಗೆ ಬೇಕೆಂದೇ ಆರಿಸಿದ ಒಂದು ಸಮಸ್ಯೆ ಕೊಟ್ಟಾಗ, ಅದನ್ನು ಬಳಸಿದವರಲ್ಲಿ ಸರಿ ಉತ್ತರ ಕೊಟ್ಟವರ ಪ್ರಮಾಣ ಬಳಸದವರಿಗಿಂತ 19 ಅಂಶ ಕಮ್ಮಿ. ಅಂದರೆ ಸ್ಲೈಡು ಮಾಡೋದು, ಸಾರಾಂಶ ಬರೆಯೋದು, ಮಾರುಕಟ್ಟೆ ಅಂದಾಜು ಹಾಕೋದು, ಹೊಸಬರಿಗೆ ಕೊಡ್ತಿದ್ದ ಕೂಲಿ ಕೆಲಸವೆಲ್ಲಾ ಯಂತ್ರಕ್ಕೆ ಹೋಗುತ್ತೆ. ಯಂತ್ರ ಹೇಳಿದ್ದು ಸುಳ್ಳು ಅಂತ ಗುರುತಿಸೋ ಕೆಲಸ ಮನುಷ್ಯನಿಗೆ ಉಳಿಯುತ್ತೆ. ಆ ಗುರುತು ಸಿಗೋದು ಒಮ್ಮೆಯಾದರೂ ಆ ಕೆಲಸವನ್ನ ಕೈಯಾರೆ ಮಾಡಿದವನಿಗೆ. 2025ರಲ್ಲಿ ಡೆಲಾಯ್ಟ್‌ನವರು ಆಸ್ಟ್ರೇಲಿಯಾ ಸರ್ಕಾರಕ್ಕೆ ಕೊಟ್ಟ 4.4 ಲಕ್ಷ ಆಸ್ಟ್ರೇಲಿಯನ್ ಡಾಲರಿನ ವರದಿಯಲ್ಲಿ ಇಲ್ಲದ ಸಂಶೋಧನಾ ಲೇಖನಗಳೂ, ಜಡ್ಜು ಹೇಳದೇ ಇದ್ದ ಮಾತೂ ನುಸುಳಿದ್ದವು. ಎಐ ಬಳಸಿದ್ದರು ಅಂತ ಗೊತ್ತಾಗಿ ಸ್ವಲ್ಪ ದುಡ್ಡು ವಾಪಸ್ ಕೊಟ್ಟರು. ಕಂಡುಹಿಡಿದದ್ದು ಅದೇ ವಿಷಯ ಓದಿಕೊಂಡಿದ್ದ ಹೊರಗಿನ ಒಬ್ಬ ಅಧ್ಯಾಪಕ.

ಹಾಗಾದರೆ ಏನು ಮಾಡಬೇಕು ಅಂದ ನನ್ನ ತಮ್ಮನಿಗೆ ನಾನು ಕುರಿಯನ್ ಕಥೆ ಹೇಳಿದೆ. ವರ್ಗೀಸ್ ಕುರಿಯನ್ 1949ರಲ್ಲಿ ಆಣಂದ್‌ಗೆ ಬಂದಿಳಿದಾಗ 27 ವರ್ಷ, ಹೆಚ್ಚೂಕಮ್ಮಿ ಈಗ ನನಗಿರೋ ವಯಸ್ಸು. ಅಮೆರಿಕದಲ್ಲಿ ಓದಿ ಬಂದ ಎಂಜಿನಿಯರ್, ಸರ್ಕಾರಿ ಬಾಂಡಿಗೆ ಕಟ್ಟುಬಿದ್ದು ಬಂದವನು, ಯಾವಾಗ ಜಾಗ ಖಾಲಿ ಮಾಡ್ತೀನೋ ಅಂತ ಕಾಯ್ತಿದ್ದವನು. ಪಕ್ಕದ ರೈತರ ಸಹಕಾರ ಸಂಘದ ಹಳೇ ಮೆಷೀನು ಪದೇ ಪದೇ ಕೆಡ್ತಿತ್ತು, ತ್ರಿಭುವನದಾಸ್ ಪಟೇಲರು ಇವರನ್ನ ಕರೆದು ರಿಪೇರಿ ಮಾಡಿಸ್ತಿದ್ದರು. ಕೊನೆಗೆ ಕುರಿಯನ್ ಹೇಳಿದ ಸಲಹೆ: ಇದನ್ನ ಬಿಸಾಕಿ, ಹೊಸದು ತಗೊಳ್ಳಿ. ಸಲಹೆ ಅಷ್ಟೇ. ಆದರೆ ಬಾಂಡು ಮುಗಿದ ಮೇಲೆ ಪಟೇಲರು, ಹೊಸ ಮೆಷೀನನ್ನ ನಿಲ್ಲಿಸಿ ಓಡಿಸಿಕೊಟ್ಟು ಹೋಗಿ ಅಂತ ಹಿಡಿದುಕೊಂಡರು. ನಿಂತರು. ಆಮೇಲೆ ಅಮುಲ್ ಆಯಿತು, ಆ ಮಾದರಿ ಹಿಡಿದೇ ನಮ್ಮ ನಂದಿನಿ ಹಾಲೂ ಮನೆ ಬಾಗಿಲಿಗೆ ಬಂತು.

"ಎಲ್ಲರೂ ಕುರಿಯನ್ ಆಗೋಕಾಗುತ್ತಾ?" ಅಂದ. ಆಗಲ್ಲ, ಅದು ಬೇಡವೂ ಬೇಡ. ಒಂದು ಬ್ಯಾಂಕಿನ ಬ್ರಾಂಚು, ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯ ಫ್ಲೋರು, ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನ ಹಿಂದಿನ ಸಾಫ್ಟ್‌ವೇರು, ಪೀಣ್ಯದ ಯಾವುದಾದರೂ ಶೆಡ್ಡು, ಎಲ್ಲಾದರೂ ಮೂರು-ನಾಲ್ಕು ವರ್ಷ ಕೂರು. ನೀನು ಮಾಡಿದ ಎಡವಟ್ಟು ಆರು ತಿಂಗಳ ಮೇಲೆ ವಾಪಸ್ ನಿನ್ನ ಟೇಬಲ್ಲಿಗೇ ಬರೋ ಅಂಥ ಜಾಗ ಆಗಿರಬೇಕು, ಅಷ್ಟೇ ಷರತ್ತು. ಆಮೇಲೆ ಬೇಕಿದ್ದರೆ ಕೋಟು ಹಾಕಿಕೋ, ನಾನೇ ಹೊಲಿಸಿಕೊಡ್ತೀನಿ.

ಅವನು ಕೇಳೋ ಹಾಗೆ ಕಾಣಲಿಲ್ಲ. ಮುಂದಿನ ವಾರ ಆ ಕಂಪನಿಯವರು ಕ್ಯಾಂಪಸ್ಸಿಗೆ ಬಂದು ಭಾಷಣ ಮಾಡ್ತಾರಂತೆ, ಕೊನೆಗೆ ಪ್ರಶ್ನೋತ್ತರಕ್ಕೆ ಹತ್ತು ನಿಮಿಷ ಕೊಡ್ತಾರಂತೆ. ಒಂದು ಪ್ರಶ್ನೆಯನ್ನ ಮಾತ್ರ ಬರೆದುಕೊಟ್ಟಿದ್ದೀನಿ: "ಮೂರು ವರ್ಷದ ಹಿಂದೆ ನೀವು ಸಲಹೆ ಕೊಟ್ಟ ಜಾಗಕ್ಕೆ, ಬಿಲ್ ಹಾಕದೆ, ಸುಮ್ಮನೆ ಏನಾಯಿತು ಅಂತ ನೋಡೋಕೆ ನಿಮ್ಮ ತಂಡದಲ್ಲಿ ಯಾರಾದರೂ ವಾಪಸ್ ಹೋಗಿದ್ದೀರಾ?" ಕೇಳ್ತೀನಿ ಅಂದಿದ್ದಾನೆ. ಉತ್ತರದಲ್ಲಿ ಎಷ್ಟು ಬುಲೆಟ್ ಪಾಯಿಂಟ್ ಇರುತ್ತೆ ಅಂತ ಎಣಿಸಿಕೊಂಡು ಬರೋಕೂ ಹೇಳಿದ್ದೀನಿ.